ಹೊಟ್ಟೆಯಲ್ಲಿ ಮೆಟ್ಟಿಲಿದ್ದ ಕುದುರೆಯೂ ನನ್ನ ರೇಷ್ಮೆ ಹುಳುವೂ

ಗೊತ್ತಿಲ್ಲದ ವಿಷಯದ ಬಗ್ಗೆ ನಾಲ್ಕು ಜನರ ಮುಂದೆ ಮಾತಾಡುವ ಪ್ರಸಂಗ ನನಗೆ ವರ್ಷಕ್ಕೆರಡು ಸಲವಾದರೂ ಬಂದೇ ಬರುತ್ತದೆ. ನಾನು ಶಿಡ್ಲಘಟ್ಟದ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಮೇಷ್ಟ್ರು. ಇಪ್ಪತ್ತಾರು ವರ್ಷದಿಂದ ಹೂಜಿ, ಮಾವಿನಕಾಯಿ, ಸೂರ್ಯೋದಯ ಕಲಿಸುತ್ತಿದ್ದೇನೆ. ನನ್ನ ಒಂದು ಚಿತ್ರವನ್ನಾದರೂ ಯಾರಾದರೂ ತಾವಾಗಿ ಕೇಳಿ ತೆಗೆದುಕೊಂಡು ಹೋಗಲಿ ಅನ್ನುವುದು ನನ್ನ ಬಹಳ ದಿನದ ಆಸೆ. ಯಾರೂ ಕೇಳಿರಲಿಲ್ಲ. ಗೃಹಪ್ರವೇಶಗಳಿಗೆ ನಾನೇ ಉಡುಗೊರೆ ಕೊಟ್ಟವೂ ಬೀರುಗಳ ಹಿಂದೆ ಸೇರಿವೆ.

ಈಚೆಗೆ ಚಿಕ್ಕಬಳ್ಳಾಪುರದಲ್ಲಿ ವಿದೇಶದ ಹೆಸರಾಂತ ಸರ್ರಿಯಲಿಸ್ಟ್, ಅಂದರೆ ಕನಸಿನಂಥ ವಿಚಿತ್ರಗಳನ್ನು ಬರೆಯುವ, ಕಲಾವಿದರೊಬ್ಬರ ಚಿತ್ರಗಳ ದೊಡ್ಡ ಪ್ರದರ್ಶನ ನಡೆಯಿತು. ಮೂಲ ಚಿತ್ರಗಳಲ್ಲ, ಆಳೆತ್ತರದ ಪ್ರತಿಗಳು. ಬಂದವರಿಗೆ ವಿವರಿಸಲು ಒಬ್ಬರು ಬೇಕಾಗಿತ್ತು. ನಮ್ಮ ಹೆಡ್‌ಮಾಸ್ಟರು, "ನಮ್ಮ ಡ್ರಾಯಿಂಗ್ ಮೇಷ್ಟ್ರನ್ನ ಕರ್ಕೊಳ್ಳಿ. ಅವರು ಶಾಲೇಲಿ ಇಲ್ದಿದ್ರೂ ನಡೆಯುತ್ತೆ" ಅಂದು ಕಳಿಸಿಕೊಟ್ಟರು.

ವಿವರಣೆ

ಮೊದಲ ದಿನ ನಮ್ಮೂರಿನ ರೀಲರ್ ಒಬ್ಬರು ಬಂದರು. ರೇಷ್ಮೆಗೂಡಿನಿಂದ ನೂಲು ತೆಗೆಸುವ ಕೆಲಸ ಅವರದು. ಗೂಡನ್ನು ಅಲ್ಲಾಡಿಸಿಯೇ ಒಳಗಿನ ಹುಳುವಿನ ಜಾತಕ ಹೇಳುವ ಮನುಷ್ಯ. ಒಂದು ಕುದುರೆಯ ಚಿತ್ರದ ಮುಂದೆ ನಿಂತು, "ಸಾರ್, ಕುದುರೆ ಹೊಟ್ಟೆ ಒಳಗೆ ಮೆಟ್ಲು ಯಾಕೆ ಇಟ್ಟವ್ರೆ?" ಅಂದರು.

ನಾನು ಹಿಂದಿನ ದಿನ ಮೊಬೈಲಿನಲ್ಲಿ ಓದಿಕೊಂಡದ್ದನ್ನೆಲ್ಲ ಸುರಿದೆ. ಸುಪ್ತ ಮನಸ್ಸು, ಅದುಮಿಟ್ಟ ಬಯಕೆ, ಕನಸಿನ ತರ್ಕ, ಎಲ್ಲವೂ ಬಂದವು. ಹತ್ತು ನಿಮಿಷವಾಯಿತು. ಅವರು ಪೂರ್ತಿ ಕೇಳಿಸಿಕೊಂಡು ನನ್ನ ಭುಜ ತಟ್ಟಿದರು.

"ಅಂದ್ರೆ ನಿಮಗೂ ಗೊತ್ತಿಲ್ಲ. ಇರ್ಲಿ ಬಿಡಿ ಸಾರ್, ಸ್ವಲ್ಪ ನೀರು ಕುಡೀರಿ."

ಅಜ್ಜಿಯ ಕನಸು

ಮರುದಿನ ಚಿಂತಾಮಣಿ ಕಡೆಯ ಅಜ್ಜಿಯೊಬ್ಬರು ಬಂದರು. ಇವೆಲ್ಲ ಆ ಕಲಾವಿದರು ಕನಸಿನಲ್ಲಿ ಕಂಡದ್ದು ಎಂದು ನಾನು ಸುಲಭವಾಗಿ ಹೇಳಿ ಮುಗಿಸಿದೆ.

"ಇದಕ್ಕೆ ಇಷ್ಟೊಂದು ಸಡಗರಾನಾ ನಾಯನಾ? ಇಂಥವು ನನಗೆ ದಿನಾ ಬೀಳ್ತವೆ. ಮೊನ್ನೆ ನಮ್ಮ ಹಸು ಬಸ್ಸಲ್ಲಿ ಕಿಟಕಿ ಪಕ್ಕ ಕೂತ್ಕೊಂಡು ಬೆಂಗಳೂರಿಗೆ ಹೋಗ್ತಿತ್ತು."

ಎಷ್ಟಾದರೂ ಮೇಷ್ಟ್ರಲ್ಲವೇ, ನಾನು ಸುಮ್ಮನಿರದೆ, "ಟಿಕೆಟ್ ತೊಗೊಂಡಿತ್ತಾ ಅಜ್ಜಿ?" ಅಂದೆ.

ಅಜ್ಜಿ ನನ್ನನ್ನು ಕನಿಕರದಿಂದ ನೋಡಿದರು. "ಅದು ಹೆಣ್ಣಲ್ವೇನಪ್ಪ? ಫ್ರೀ."

ಖಾಲಿ ಗೋಡೆ

ಸಾಗಿಸುವಾಗ ಒಂದು ಪ್ರತಿ ಹರಿದು, ಗೋಡೆಯಲ್ಲಿ ಒಂದು ಜಾಗ ಖಾಲಿ ಉಳಿದಿತ್ತು. "ಸ್ಥಳೀಯರದ್ದೂ ಒಂದಿರಲಿ" ಎಂದು ವ್ಯವಸ್ಥಾಪಕರನ್ನು ಒಪ್ಪಿಸಿ, ಭಾನುವಾರವಿಡೀ ಕೂತು ನಾನೇ ಒಂದು ಚಿತ್ರ ಬರೆದು ತಂದೆ. ರೇಷ್ಮೆ ಹುಳುವಿನ ಮೈ, ಮನುಷ್ಯನ ಮುಖ, ಹಣೆಯಲ್ಲಿ ಮೂರನೆಯ ಕಣ್ಣು, ಬಾಯಿ ತುಂಬ ಹಿಪ್ಪುನೇರಳೆ ಸೊಪ್ಪು. ಕೆಳಗೆ ನನ್ನ ಹೆಸರು ಹಾಕಲು ಧೈರ್ಯ ಬರಲಿಲ್ಲ. ವಿವರಿಸುವಾಗ ಮಾತ್ರ ಅದರ ಮುಂದೆ ನನ್ನ ದನಿ ತಾನಾಗಿ ಏರುತ್ತಿತ್ತು.

ಗೌರಿಬಿದನೂರಿನ ಕಾಲೇಜು ಹುಡುಗಿಯೊಬ್ಬಳು ಬಹಳ ಹೊತ್ತು ನೋಡಿ, "ಸಾರ್, ಇದನ್ನ ಆ ಆರ್ಟಿಸ್ಟು ಹುಷಾರಿಲ್ದಾಗ ಬರೆದಿದ್ದಾ?" ಅಂದಳು.

"ಹೌದಮ್ಮ," ಅಂದೆ, "ಆಗ ಅವರಿಗೆ ವಿಪರೀತ ಜ್ವರ."

ಕೊನೆಗೂ ಒಬ್ಬರು ಕೇಳಿದರು

ಕೊನೆಯ ದಿನ ಮಂಡಿಕಲ್ ಕಡೆಯ ರೈತರೊಬ್ಬರು ಬಂದರು. ಕುದುರೆಯನ್ನು ತಿರುಗಿಯೂ ನೋಡದೆ ನೇರವಾಗಿ ನನ್ನ ಚಿತ್ರದ ಮುಂದೆ ನಿಂತರು. ಹತ್ತಿರ ಹೋಗಿ ನೋಡಿದರು, ದೂರ ಸರಿದು ನೋಡಿದರು. ನಾನು ಅಂಗಿ ಸರಿಮಾಡಿಕೊಂಡು ಅವರ ಪಕ್ಕ ಬಂದು ನಿಂತೆ.

"ಸಾರ್, ಇದು ನಂಗೆ ಬೇಕಾಗಿತ್ತಲ್ಲ, ಕೊಡ್ತಾರಾ?"

ನಿಜ ಹೇಳುತ್ತೇನೆ, ನನ್ನ ಕಣ್ಣು ಒದ್ದೆಯಾಯಿತು. "ನಾನೇ ಬರೆದದ್ದು, ಹಾಗೇ ತೊಗೊಂಡು ಹೋಗಿ. ಮನೇಲಿ ಎಲ್ಲಿ ಹಾಕ್ತೀರಿ?"

"ಮನೇಗಾ? ಅಯ್ಯೋ, ಮಕ್ಕಳಿರೋ ಮನೆ ಸಾರ್! ದ್ರಾಕ್ಷಿ ತೋಟಕ್ಕೆ. ಈ ಸಲ ಫಸಲು ಚೆನ್ನಾಗಿ ಬಂದೈತೆ, ದಾರೀಲಿ ಹೋಗೋರೆಲ್ಲ ಕಣ್ಣು ಹಾಕ್ತವ್ರೆ. ಅಂಗಡಿ ದೃಷ್ಟಿ ಬೊಂಬೆಗೆ ಈಗ ಯಾರೂ ಹೆದ್ರಲ್ಲ."

ಕೇಳಿದರಲ್ಲ, ಅಷ್ಟು ಸಾಕು ಎಂದುಕೊಂಡು ನಾನೇ ಸುತ್ತಿ ಕೊಟ್ಟೆ.

ವಾರ ಕಳೆದ ಮೇಲೆ ಅವರದೇ ಫೋನು. "ಸಾರ್, ಈಗ ಒಬ್ರೂ ಕಣ್ಣೆತ್ತಿ ನೋಡ್ತಿಲ್ಲ. ಆದ್ರೆ ಕೂಲಿ ಹೆಂಗಸ್ರು ತೋಟದೊಳಕ್ಕೇ ಬರ್ತಿಲ್ಲ. ಹಣ್ಣು ಕಟಾವು ನಿಂತೈತೆ. ನೀವೇ ಬಂದು, ಬರೀ ಚಿತ್ರ ಅಂತ ಹೇಳಿ."

ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಸ್ಕೂಟರಿನಲ್ಲಿ ಹೋದೆ. ದ್ರಾಕ್ಷಿ ಚಪ್ಪರದ ಮುಂಭಾಗದಲ್ಲೇ ನನ್ನ ಚಿತ್ರ ತೂಗುತ್ತಿತ್ತು. ದೂರದ ಬದುವಿನ ಮೇಲೆ ಎಂಟು ಜನ ಹೆಂಗಸರು ಬುಟ್ಟಿ ಹಿಡಿದು ಕೂತಿದ್ದರು. ಅವರನ್ನು ಹತ್ತಿರ ಕರೆದು, ಚಿತ್ರದ ಪಕ್ಕದಲ್ಲೇ ನಿಂತು ಶುರುಮಾಡಿದೆ. "ನೋಡಿ ತಾಯಿ, ಇದು ಬರೀ ಕಲ್ಪನೆ. ಇಂಥ ಮುಖದೋರು ಈ ಲೋಕದಲ್ಲಿ ಯಾರೂ ಇಲ್ಲ."

ಒಬ್ಬಾಕೆ ಚಿತ್ರ ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಚಿತ್ರ ನೋಡಿದಳು. ಪಕ್ಕದವಳ ಕೈ ಹಿಡಿದುಕೊಂಡಳು.

"ಸಾರ್ ಸುಳ್ಳು ಹೇಳ್ತವ್ರೆ ಕಣಕ್ಕಾ."

ಆಗ ನೆನಪಾಯಿತು. ಆ ಭಾನುವಾರ ಮುಖಕ್ಕೆ ಮಾದರಿಯಾಗಿ ಕೂರಲು ಯಾರೂ ಸಿಗದೆ, ನಾನು ಕನ್ನಡಿ ಮುಂದಿಟ್ಟುಕೊಂಡು ಬರೆದಿದ್ದೆ. ಅಷ್ಟರಲ್ಲಿ ಎಂಟೂ ಜನ ಬುಟ್ಟಿಗಳನ್ನು ಅಲ್ಲೇ ಬಿಟ್ಟು ರಸ್ತೆ ಸೇರಿದ್ದರು.

ಚಿತ್ರ ವಾಪಸ್ಸು ಬರುತ್ತದೆ ಎಂದು ಹೆದರಿ ನಿಂತಿದ್ದೆ. ರೈತರು ನನ್ನ ಕೈ ಹಿಡಿದು ಸ್ಕೂಟರಿನವರೆಗೂ ಬಿಟ್ಟು, ಬಹಳ ಮರ್ಯಾದೆಯಿಂದ ಹೇಳಿದರು. "ಚಿತ್ರ ಇಲ್ಲೇ ಇರ್ಲಿ ಸಾರ್, ಕೆಲಸದ ಹೊತ್ನಲ್ಲಿ ಅದಕ್ಕೆ ಗೋಣಿಚೀಲ ಮುಚ್ತೀನಿ. ನೀವು ಮಾತ್ರ ಕಟಾವು ಮುಗಿಯೋವರ್ಗೂ ಈ ಕಡೆ ಬರ್ಬೇಡಿ."