ಅವ್ವನ ಹೆಪ್ಪು, ತಂಗಿಯ ಜೀನು

ತಂಗಿ ನನ್ನನ್ನು ಕೇಳಿದ್ದು ಒಂದು ಚಮಚ ಹೆಪ್ಪು. ಅದನ್ನೂ ನಾನು ಕೊಡಲಿಲ್ಲ! ಬೈಯುವ ಮೊದಲು, ಅವಳು ಎಂಥವಳೆಂದು ಕೇಳಿ. ಅವಳಿಗೆ ಮನುಷ್ಯರಿಗಿಂತ ಮೊಸರಿನ ಮೇಲೆ ಮೋಹ ಹೆಚ್ಚು. ಅವಳಿಗೆ ಗೊತ್ತುಮಾಡಲಿದ್ದ ಗಂಡಿನ ಮನೆ ನೋಡಲು ಹಿರಿಯರು ಯಲಬುರ್ಗಾಕ್ಕೆ ಹೊರಟರೆ ತಾನೂ ಹೊರಟಳು. ಬಂದ ಮೇಲೆ ಕೇಳಿದೆ, "ಹುಡುಗ ಹ್ಯಾಂಗದಾನ?"

"ಹುಡುಗನ್ನ ಸರಿಯಾಗಿ ನೋಡಲಿಲ್ಲ ಯಕ್ಕಾ. ಮಸರು ಮಾತ್ರ ಭಾಳ ಛಲೋ ಐತಿ!" ಕೈಯಲ್ಲಿ ಆ ಮನೆಯ ಮೊಸರಿನ ಬಾಟಲಿ!

ಅವಳು ಧಾರವಾಡದ ಲ್ಯಾಬೊಂದರಲ್ಲಿ ಹಾಲನ್ನು ಮೊಸರು ಮಾಡುವ ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾದ ಜೀನುಗಳನ್ನು ಓದುತ್ತಾಳೆ. ನಾನೋ ಏಳನೆಯ ತರಗತಿಗೆ ಶಾಲೆ ಬಿಟ್ಟು ಕುಷ್ಟಗಿಯಲ್ಲಿ ಮೊಸರು ಮಾರುವವಳು. ಇಬ್ಬರದೂ ಮೊಸರಿನ ಕೆಲಸವೇ! ಅವಳು ಬಂದರೆ ಓಣಿಯವರು ಕುರ್ಚಿ ಹಾಕುತ್ತಾರೆ. ನಾನು ಹೋದರೆ "ನಿನ್ನಿ ಮಸರು ಹುಳಿ ಆಗಿತ್ತು" ಎನ್ನುತ್ತಾರೆ. ಹೊಟ್ಟೆ ಉರಿಯದೇ?

ಒಮ್ಮೆ ನಾನು ರೊಟ್ಟಿ ಬಡಿಯುವಾಗ ಪಾಠ ಶುರುಮಾಡಿದಳು. "ವೈರಸ್ ಬಂದು ಕಾಡಿದ್ರ, ಬದುಕಿ ಉಳಿದ ಬ್ಯಾಕ್ಟೀರಿಯಾ ಆ ವೈರಸ್ಸಿನ ತುಣುಕೊಂದು ತನ್ನ ಜೀನಿನ್ಯಾಗ ಇಟ್ಕೊಂತೈತಿ. ಮರಿಮಕ್ಕಳಿಗೂ ನೆನಪು ಹೋಗಂಗಿಲ್ಲ."

"ನಮ್ಮತ್ತಿ ಇದ್ದಂಗ!"

"ಅದ ವೈರಸ್ ಮತ್ತ ಬಂದ್ರ ಗುರುತು ಹಿಡಿದು ಕತ್ತರಸತೈತಿ. ಅದ ಉಪಾಯದಿಂದ ಈಗ ವಿಜ್ಞಾನಿಗಳು ಬೇಕಾದ ಜೀನು ಕತ್ತರಸ್ತಾರ, ಯಕ್ಕಾ."

"ಅತ್ತಿ ನಾಲಿಗಿ ಕತ್ತರಸಾಕ ಬರತೈತೇನು?"

ನಕ್ಕಳು. ಆಮೇಲೆ ಕೇಳಿದಳು, "ಲ್ಯಾಬಿಗೆ ಅವ್ವನ ಹೆಪ್ಪು ಒಂದ ಚಮಚ ಕೊಡು."

ಅವ್ವ ತೀರಿದ ಮೇಲೂ ಅವಳ ಹೆಪ್ಪು ನನ್ನ ಗಡಿಗೆಯಲ್ಲಿ ದಿನದಿಂದ ದಿನಕ್ಕೆ ಬದುಕಿ ಬಂದಿದೆ. ಓದು ತಂಗಿಗೆ, ಹೆಸರು ತಂಗಿಗೆ, ಇದೂ ಅವಳಿಗೇ? ಅಂಗಡಿಯ ಪ್ಯಾಕೆಟ್ ಮೊಸರನ್ನು ಬಾಟಲಿಗೆ ಸುರಿದು ಕೊಟ್ಟೆ. ಅದೂ ಬಿಳಿ ಮೊಸರು, ಇದೂ ಬಿಳಿ ಮೊಸರು. ಯಾರಿಗೆ ತಿಳಿಯುತ್ತದೆ?

ಜೀನು ಓದುವವಳಿಗೆ ತಿಳಿಯುತ್ತದೆ!

ಮುಂದಿನ ಸಲ ಬಂದವಳು ಒಲೆಯ ಪಕ್ಕ ಕೂತಳು. "ಯಕ್ಕಾ, ನೀ ಕೊಟ್ಟಿದ್ದು ಪ್ಯಾಕೆಟ್ ಮಸರು."

"ನಿಮ್ಮ ಮಷೀನು ಸುಳ್ಳ ಹೇಳತೈತಿ!"

ಅವಳು ಜಗಳವಾಡಲಿಲ್ಲ. "ಲ್ಯಾಬಿಗೆ ಬ್ಯಾರೆ ಮಸರು ಸಿಗತೈತಿ. ರೂಮಿನ್ಯಾಗ ನಾನೂ ದಿನಾ ಹೆಪ್ಪು ಹಾಕತೀನಿ. ಅವ್ವನ ರುಚಿ ಬರೂದಿಲ್ಲ. ಕೇಳಾಕ ನಾಚಿಕಿ ಆತು, ಲ್ಯಾಬಿನ ಹೆಸರು ಹೇಳಿದೆ."

ನನ್ನ ಪಾಲಿಗೆ ಇದೊಂದೇ ಉಳಿದಿದೆಯೆಂದು ಬಚ್ಚಿಟ್ಟವಳು ನಾನು. ಅವಳ ಪಾಲಿಗೆ ಇದೂ ಇಲ್ಲವೆಂಬುದು ಹೊಳೆದಿರಲಿಲ್ಲ. ಅಲ್ಲ, ಹೆಪ್ಪು ಕೊಟ್ಟರೆ ಕಡಿಮೆಯಾಗುವ ವಸ್ತುವೇ? ಗಡಿಗೆಯನ್ನೇ ಎತ್ತಿ ಅವಳ ಮುಂದಿಟ್ಟೆ. ಬಟ್ಟಲು ಹುಡುಕುವ ನೆಪದಲ್ಲಿ ಬೆನ್ನು ತಿರುಗಿಸಿ ನಿಂತು, ಕೊನೆಗೂ ಬಾಯಿ ಬಿಟ್ಟೆ:

"ಹೊಟ್ಟಿಕಿಚ್ಚಿಗೆ ಮಾಡಿದೆ, ತಂಗೆವ್ವಾ. ನಂದು ತಪ್ಪಾತು."