ಆಪ್ಟೋಕಪ್ಲರಿಗೆ ಆರತಿ

ವಿಜ್ಞಾನಕ್ಕೆ ಶತ್ರುಗಳು ಹೊರಗೆಲ್ಲೂ ಇಲ್ಲ ಸ್ವಾಮಿ, ಅಡುಗೆಮನೆಯಲ್ಲೇ ಇರುತ್ತಾರೆ. ನನ್ನ ವಿಜ್ಞಾನದ ಶತ್ರುವಿನ ಹೆಸರು ಗದ್ದೆಮ್ಮ. ನನ್ನ ಧರ್ಮಪತ್ನಿ, ತವರು ಮಾನ್ವಿ ಕಡೆಯ ಮಲ್ಲಟ.

ಅದು ಎಂಬತ್ತೈದರ ಬೇಸಿಗೆ. ರಾಯಚೂರಿನ ನಮ್ಮ ಓಣಿಗೆ ನೀರು ಯಾವಾಗ ಬರುತ್ತದೆಂದು ನಮ್ಮ ಅಂಗಳದ ನಳಕ್ಕೂ ಗೊತ್ತಿರಲಿಲ್ಲ. ನೀರು ಬಂದ ಕೂಡಲೇ ಬಾರಿಸುವ ಗಂಟೆಯೊಂದನ್ನು ಮಾಡಿದೆ. ನಳದ ಕೆಳಗಿನ ಕೊಡಕ್ಕೆ ಎರಡು ತಂತಿ, ನೀರು ತಾಗಿದರೆ ಗಂಟೆ. ಐಡಿಯಾ ಭರ್ಜರಿ. ಆದರೆ ಗಂಟೆಯ ಕರೆಂಟು ಅದೇ ತಂತಿ ಹಿಡಿದು ಕೊಡಕ್ಕೆ ಇಳಿಯಿತು, ಕೊಡದಿಂದ ಗದ್ದೆಮ್ಮನಿಗೆ ಏರಿತು. (ಸ್ವಲ್ಪವೇ. ಬಳೆ ಒಡೆದದ್ದು ಅವಳು ಕೊಡ ನನ್ನ ಮೇಲೆ ಎಸೆದಾಗ.)

ಅಂದಿನಿಂದ ಮಾತು ಬಂದ್. ನನಗೆ ಹೇಳುವುದನ್ನೆಲ್ಲ ಗೋಡೆಯಾಚೆಯ ಉಮ್ಮೇ ಕುಲ್ಸುಮ್‌ಗೆ ಹೇಳುತ್ತಿದ್ದಳು.

"ಕುಲ್ಸುಮ್ ಬೀ, ಇನ್ನೊಮ್ಮಿ ಷಾಕ್ ಹೊಡೀತಂದ್ರ ನಾ ಮಲ್ಲಟಕ್ಕ ಹೋಗ್ತೀನಿ ಅಂತ ಅವರಿಗೆ ಹೇಳ್ರಿ."

"ಅಣ್ಣಾ, ಅಕ್ಕ ಹೋಗ್ತಾರಂತ್ರೀ!" ಎಂದಿತು ಗೋಡೆಯ ಮೇಲಿನ ತಲೆ.

ಹೆಂಡತಿಯೂ ಉಳಿಯಬೇಕು, ಗಂಟೆಯೂ ಉಳಿಯಬೇಕು! ಆಗ ಎಲೆಕ್ಟ್ರಾನಿಕ್ಸ್ ಮಾಸಪತ್ರಿಕೆಯಲ್ಲಿ ನನಗೆ ದರ್ಶನವಿತ್ತದ್ದು ಆಪ್ಟೋಕಪ್ಲರ್. ಕತ್ತಲೆ ಡಬ್ಬಿಯಲ್ಲಿ ಈ ಕಡೆ ಪುಟ್ಟ ದೀಪ, ಆ ಕಡೆ ಬೆಳಕು ಕಂಡರೆ ಎಚ್ಚರಾಗುವ ಕಣ್ಣು. ನಡುವೆ ತಂತಿಯೇ ಇಲ್ಲ. ಕೊಡದ ಕಡೆ ಬರೀ ಟಾರ್ಚಿನ ಸೆಲ್ಲು. ನೀರು ಬಂದರೆ ದೀಪ ಹತ್ತುತ್ತದೆ, ಕಣ್ಣು ನೋಡುತ್ತದೆ, ಗಂಟೆ ಬಾರಿಸುತ್ತದೆ. ಸುದ್ದಿ ದಾಟುತ್ತದೆ, ಷಾಕು ದಾಟುವುದಿಲ್ಲ!

ಮನೆಯ ಟಾರ್ಚಿನ ಸೆಲ್ಲು ಕಿತ್ತು, ಕ್ಯಾಮೆರಾ ರೀಲಿನ ಕಪ್ಪು ಡಬ್ಬಿಯೊಳಗೆ ಎಲ್ಲ ಜೋಡಿಸಿ, ನಳದ ಪಕ್ಕದ ಗೂಡಿನಲ್ಲಿಟ್ಟೆ. ಗದ್ದೆಮ್ಮ ಗಿರಣಿಗೆ ಹೋಗಿದ್ದಳು. "ಕುಲ್ಸುಮ್ ಬೀ, ಡಬ್ಬಿ ಮುಚ್ಚಳ ತೆಗಿಬ್ಯಾಡ ಅಂತ ನಿಮ್ಮ ಅಕ್ಕಗ ಹೇಳ್ರಿ" ಎಂದು ಗೋಡೆಗೆ ಕೂಗಿದೆ. (ಕುಲ್ಸುಮ್ ಬೀ ದೇವದುರ್ಗದ ತಂಗಿ ಮನೆಗೆ ಹೋಗಿದ್ದಾರೆಂದು ಗೋಡೆ ಹೇಳಲಿಲ್ಲ.)

ಮರುದಿನ ಬೆಳಿಗ್ಗೆ ಗಂಟೆ ಬಾರಿಸಿತು. ಎಂಥ ದಿವ್ಯ ನಾದ! ನೀರು ಬಂತೆಂದು ಓಣಿಯ ಹೆಂಗಸರೆಲ್ಲ ಕೊಡ ಹಿಡಿದು ನಮ್ಮ ಅಂಗಳಕ್ಕೆ ನುಗ್ಗಿದರು. ನಾನು ಬನಿಯನ್ನಿನಲ್ಲೇ ಎದೆಯುಬ್ಬಿಸಿ ಹೊರಬಂದೆ.

ನಳ ಒಣಗಿತ್ತು. ಗೂಡಿನ ಮುಂದೆ ಗದ್ದೆಮ್ಮ, ಕೈಯಲ್ಲಿ ಆರತಿ. ಮನೆಗೆ ಹೊಸ ಮಷಿನ್ನು ಬಂದರೆ ಪೂಜೆಯಾಗಬೇಕಲ್ಲ? ಮುಚ್ಚಳ ತೆಗೆದು, ಅದಕ್ಕೆ ಕುಂಕುಮ ಹಚ್ಚಿ, ಇನ್ನು ಯಾರಿಗೂ ಷಾಕ್ ಹೊಡೆಯದಿರಲೆಂದು ಬೆಳಗುತ್ತಿದ್ದಳು. ಆರತಿ ಕಂಡ ಕಣ್ಣು ಗಂಟೆ ಬಾರಿಸುತ್ತಲೇ ಇತ್ತು.

"ಗಂಟಿ ಸುದ್ದಾ ತಾನ ಹೊಡ್ಕೊಳ್ಳಾಕತ್ತದ, ದೇವ್ರು ಒಲದಾನ" ಎಂದಳು.

"ಮುಚ್ಚಳ ತೆಗಿ ಅಂತ ಯಾರು ಹೇಳಿದ್ರು?"

"ತೆಗಿಬ್ಯಾಡ ಅಂತ ಯಾರು ಹೇಳಿದ್ರೀ?"

ಗೋಡೆ ನೋಡಿದೆ. ತಲೆ ಇರಲಿಲ್ಲ.

"ಒಲಿ ಮ್ಯಾಲ ಅನ್ನ ಬಿಟ್ಟು ಓಡಿ ಬಂದೀನಿ. ಸೀದದ್ದು ನೀವು ಉಣ್ತೀರೇನ್ರೀ?" ಎಂದು ಎದುರು ಮನೆಯ ಮೂಕಮ್ಮ ಖಾಲಿ ಕೊಡ ಕುಕ್ಕಿದಳು.

ಪಾರಾಗಲು ಅಲ್ಲೇ ನಿಂತು ಆಪ್ಟೋಕಪ್ಲರ್ ಪಾಠ ಮಾಡಿದೆ. ಲಕ್ಷ್ಯ ಕೊಟ್ಟು ಕೇಳಿದವಳು ಗದ್ದೆಮ್ಮ ಒಬ್ಬಳೇ. ನನಗೆ ಹೆಮ್ಮೆಯಾಯಿತು. ಆಗಬಾರದಿತ್ತು.

ಅಂದೇ ಸೆಲ್ಲು ಟಾರ್ಚಿಗೆ ವಾಪಸಾದವು. ಈಗ ನಸುಕಿನಲ್ಲಿ ನಳ ಬುಸುಗುಟ್ಟಿದರೆ, ಅಂಗಳದಲ್ಲಿ ಮಲಗಿದ ನನ್ನ ಮುಖಕ್ಕೆ ಅಡುಗೆಮನೆ ಬಾಗಿಲಿನಿಂದ ಟಾರ್ಚು ಬೀಳುತ್ತದೆ.

"ಈ ಕಡಿ ದೀಪ, ಆ ಕಡಿ ಕಣ್ಣು, ನಡುವ ವೈರ್ ಇಲ್ಲ. ನೀವಽ ಹೇಳಿದ್ರಲ್ರೀ? ಏಳ್ರಿ."

ಏಳುತ್ತೇನೆ, ಕೊಡ ಹೊರುತ್ತೇನೆ. ಮಲ್ಲಟದ ಮಾತು ನಿಂತಿದೆ. ನೀರು ಬಂದದ್ದು ಓಣಿಗೆ ಗೊತ್ತಾಗುವುದು ಈಗ ಬನಿಯನ್ನಿನಲ್ಲಿ ನನ್ನನ್ನು ನೋಡಿಯೇ.