ಹೆಣ್ಣು ನೋಡೋಕೆ ಯಾವ ಟೈ?

ಟೈ ವಿಚಾರದಲ್ಲಿ ನನ್ನನ್ನು ಕೇಳದೆ ಯಾರೂ ಕತ್ತು ಚಾಚುತ್ತಿರಲಿಲ್ಲ. ಹಾಗಾಗಿ ಇಂಥ ಪ್ರಸಂಗಗಳು ನನ್ನನ್ನೇ ಹುಡುಕಿಕೊಂಡು ಬರುತ್ತಿದ್ದವು. ಎಂಬತ್ತರ ದಶಕದ ಶುರು. ಯಶವಂತಪುರದ ನಮ್ಮ ಕಾರ್ಖಾನೆಯಲ್ಲಿ ಟೈ ಗಂಟು ಹಾಕಲು ಬರುತ್ತಿದ್ದುದು ನನಗೊಬ್ಬನಿಗೇ. ನನ್ನ ಕತ್ತಿಗೆ ಕಟ್ಟಿಕೊಂಡು, ಸಡಿಲಿಸಿ, ತೆಗೆದು ಕೊಡುತ್ತಿದ್ದೆ. ತಗೊಂಡವರು ಗಂಟು ಬಿಚ್ಚದೆ ಮೊಳೆಗೆ ನೇತುಹಾಕಿ ವರ್ಷಗಟ್ಟಲೆ ಬಳಸುತ್ತಿದ್ದರು.

೧. ಬಸ್ಸಿನಲ್ಲಿ ಗಂಟು

ನಮ್ಮ ಸೆಕ್ಷನ್ನಿನ ಧಾರವಾಡದ ಗೆಳೆಯನಿಗೆ ಆಫೀಸರ್ ಹುದ್ದೆಯ ಇಂಟರ್‌ವ್ಯೂ. ಯಾರದೋ ಮದುವೆಯಲ್ಲಿ ಕಂಡ ಹುಡುಗಿಯೊಬ್ಬಳು ಅವನ ಮನಸ್ಸಿನಲ್ಲಿ ಕೂತುಬಿಟ್ಟಿದ್ದಳು. ಅವಳ ತಂದೆಯೋ, "ಹುಡುಗ ಆಫೀಸರ್ ಆಗಲಿ, ಆಮೇಲೆ ಮಾತು" ಅಂದಿದ್ದರು.

ಆವತ್ತು ಬೆಳಿಗ್ಗೆ ಆರ್.ಟಿ. ನಗರದ ಬಸ್ಸಿನಲ್ಲಿ ನನ್ನ ಮುಂದೆ ಪ್ರತ್ಯಕ್ಷನಾದ. ಕೈಯಲ್ಲಿ ಗಂಟಿಲ್ಲದ, ನೀಟಾದ ಟೈ.

"ನಮ್ಮವ್ವ ಬಿಚ್ಚಿ ಇಸ್ತ್ರಿ ಮಾಡ್ಯಾಳ್ರೀ! ಈಗ ಏನ್ ಮಾಡ್ಲಿ?"

ನನ್ನ ಕತ್ತಿನಲ್ಲಿ ಆಗಲೇ ನನ್ನ ಟೈ ಇತ್ತು. ಎದುರು ನಿಂತು ಕಟ್ಟಹೋದರೆ ನನಗೆ ಎಡಬಲ ಅದಲುಬದಲು. ಸರಿ, ಹಿಂದಿನಿಂದ ಅವನನ್ನು ತಬ್ಬಿ, ಹೆಗಲ ಮೇಲೆ ಗದ್ದ ಊರಿ ಶುರುಮಾಡಿದೆ. ಬಸ್ಸು ಕುಲುಕಿದಾಗಲೆಲ್ಲ ಗಂಟು ಬಿಗಿದು ಅವನು "ಕ್ಕೆ" ಅನ್ನುತ್ತಿದ್ದ. ಕಂಡಕ್ಟರ್ ಬಂದು ನಿಂತ.

"ಸಾರ್, ಕತ್ತು ಹಿಸುಕೋದಿದ್ರೆ ಕೆಳಗಿಳಿದು ಹಿಸುಕ್ರಿ. ಡ್ಯೂಟಿ ಟೈಮಲ್ಲಿ ನಾನು ಸಾಕ್ಷಿಗೆಲ್ಲ ಬರಕ್ಕಾಗಲ್ಲ!"

೨. ನನ್ನ ಅಪ್ಪಣೆ

ಗೆಳೆಯ ಆಫೀಸರ್ ಆದ. ಹೆಣ್ಣು ನೋಡುವ ದಿನವೂ ಗೊತ್ತಾಯಿತು. ನಮ್ಮ ಮನೆಗೆ ಓಡಿಬಂದ.

"ನೀವ ಹೇಳ್ರಿ ಸರ, ಉದ್ದನ್ನ ಟೈ ಹಾಕ್ಕೊಳ್ಲೋ, ಬೋ ಹಾಕ್ಕೊಳ್ಲೋ?"

"ಆಫೀಸಿಗೆ ಉದ್ದದ್ದು, ಸಂತೋಷಕ್ಕೆ ಬೋ. ಕಣ್ಣು ಮುಚ್ಕೊಂಡು ಹಾಕ್ಕೊಳ್ಳಿ" ಅಂದೆ. ಇಲಾಸ್ಟಿಕ್ ಇರುವ, ಚಿಟ್ಟೆಯಾಕಾರದ ಕೆಂಪು ಬೋ ತೊಡಿಸಿ, ಹೆಮ್ಮೆಯಿಂದ ನನ್ನ ಹೆಂಡತಿಯ ಮುಂದೆ ನಿಲ್ಲಿಸಿದೆ.

ಅವಳು ಮೇಲಿಂದ ಕೆಳಗೆ ನೋಡಿ, "ಇವರು ಹೆಣ್ಣು ನೋಡೋಕೆ ಹೊರಟಿದಾರೋ, ಐಸ್‌ಕ್ರೀಂ ಹಂಚೋಕೋ?" ಅಂದಳು.

೩. ಉಪ್ಪಿಟ್ಟಿನ ಪರೀಕ್ಷೆ

ಸಹಕಾರನಗರ ಆಗ ಅರ್ಧ ಮನೆ, ಅರ್ಧ ಖಾಲಿ ಸೈಟು. ಅದೇ ಬೋದಲ್ಲಿ ಗೆಳೆಯನನ್ನು ಕರಕೊಂಡು ಅಲ್ಲಿದ್ದ ಹುಡುಗಿಯ ಮನೆ ಹೊಕ್ಕರೆ, ಅವಳ ತಂದೆ ಪಂಚೆ, ಕೋಟು, ಅದರ ಮೇಲೊಂದು ಉದ್ದನೆಯ ಟೈ ಬಿಗಿದು ಕಂಬದ ಹಾಗೆ ಕೂತಿದ್ದರು. ಬರುವವರು ಆಫೀಸರು, ಬರೀ ಕತ್ತಿನಲ್ಲಿ ಕೂರಬಾರದು ಅಂತ ಯಾರೋ ಹೆದರಿಸಿದ್ದರಂತೆ. ಬಿರುಬೇಸಿಗೆ ಬೇರೆ.

ಹುಡುಗಿ ಉಪ್ಪಿಟ್ಟು ತಂದಿಟ್ಟು ಎದುರಿಗೆ ಕೂತಳು. ಗೆಳೆಯ ಒಂದು ತುತ್ತು ನುಂಗಿದ. ಬೋ ಗದ್ದದವರೆಗೆ ಏರಿ, ಇಳಿದು ಸ್ವಸ್ಥಾನ ಸೇರಿತು. ಇನ್ನೊಂದು ತುತ್ತು, ಮತ್ತೆ ಏರಿತು, ಇಳಿಯಿತು. ಹುಡುಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಗೆಳೆಯನ ಮುಖ ಬಿಳಿಚಿತು. "ಹೋತ್ರೀ ಸರ, ಹೆಣ್ಣು ಕೈಬಿಟ್ಟು ಹೋತು" ಎಂದು ನನ್ನ ಕಿವಿಯಲ್ಲಿ ಉಸುರಿದ.

"ಏನಾದ್ರೂ ಕೇಳೋದಿದ್ರೆ ಕೇಳಮ್ಮ" ಅಂದರು ತಂದೆ, ಕಷ್ಟಪಟ್ಟು.

"ಮದುವೆ ಆದ್ಮೇಲೆ ಮನೇಲಿ ಊಟಕ್ಕೆ ಕೂತಾಗ್ಲೂ ಇವರು ಇದನ್ನ ಹಾಕ್ಕೋತಾರಾ?"

"ಇಲ್ರೀ! ಈ ಜನ್ಮದಾಗ ಹಾಕ್ಕೊಳ್ಳಂಗಿಲ್ಲ!" ಎಂದವನೇ ಬೋ ಹಿಡಿದು ಜಗ್ಗಿದ. ಇಲಾಸ್ಟಿಕ್ ಕಿತ್ತು, ಬೋ ಹಾರಿ ಹೋಗಿ ನನ್ನ ಕಾಫಿ ಲೋಟದಲ್ಲಿ ಕೂತಿತು.

"ಹಾಗಾದ್ರೆ ನಂಗೆ ಒಪ್ಪಿಗೆ" ಎಂದು ಹುಡುಗಿ ನಗುತ್ತಾ ಒಳಗೆ ಓಡಿದಳು.

ಎಲ್ಲರೂ ತಂದೆಯ ಮುಖ ನೋಡಿದೆವು. ಅದು ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು. ಎರಡೂ ಕೈಯಿಂದ ತಮ್ಮ ಟೈ ಎಳೆದಾಡುತ್ತಾ ಕೂಗಿದರು: "ನಮಗೂ ಪೂರ್ತಿ ಒಪ್ಪಿಗೆ ಕಣ್ರೀ! ಲಗ್ನ ಯಾವತ್ತು ಬೇಕಾದ್ರೂ ಇಟ್ಕೊಳ್ಳಿ, ಮೊದಲು ಯಾರಾದ್ರೂ ಇದನ್ನ ಬಿಚ್ರಪ್ಪಾ, ಬೆಳಿಗ್ಗೆಯಿಂದ ಉಸಿರಾಡಿಲ್ಲ!"